ವಾಲ್ಟರ್ ಮಿಶೆಲ್ ನಿಜವಾಗಿ ಹೇಳಿದ್ದೇನು? ನನ್ನ ಮಗ ಚಾಕೊಲೇಟ್ ತಿಂದ ಮೇಲೆ ಹುಡುಕಿದ್ದು

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಹೋದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಪ್ಪ ಅಮ್ಮಂದಿರಿಗೆ ಅಂತ ಒಂದು ಕಾರ್ಯಕ್ರಮ ಇತ್ತು. ಚಿಕ್ಕ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಮುಂದೆ ಒಂದು ಚಾಕೊಲೇಟ್ ಇಟ್ಟು, "ನಾನು ಬರೋ ತನಕ ತಿನ್ನದೆ ಇದ್ದರೆ ಇನ್ನೊಂದು ಕೊಡ್ತೀನಿ" ಅಂತ ಹೇಳಿ ಹೊರಗೆ ಬಂದರು. ಒಳಗೆ ಮೊಬೈಲಿನಲ್ಲಿ ವಿಡಿಯೋ ಆಗುತ್ತಿತ್ತು. ನನ್ನ ಮಗನಿಗೆ ಐದು ವರ್ಷ. ಬಾಗಿಲು ಮುಚ್ಚಿದ ಕೂಡಲೇ ಕಾಗದ ಬಿಚ್ಚಿ ಬಾಯಿಗೆ ಹಾಕಿಕೊಂಡ. ಆಮೇಲೆ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಅಂಚಿನಲ್ಲಿ ಇಟ್ಟು ಕೈಕಟ್ಟಿ ಕೂತ.

ಇದನ್ನು ದೊಡ್ಡ ಪರದೆ ಮೇಲೆ ಎಲ್ಲರ ಎದುರು ಹಾಕಿದರು. ಜನ ನಕ್ಕರು. ನಡೆಸಿಕೊಡುತ್ತಿದ್ದವರು ಹೇಳಿದ್ದು: "ಮಿಶೆಲ್ ಅನ್ನೋ ದೊಡ್ಡ ವಿಜ್ಞಾನಿ ಸಾಬೀತು ಮಾಡಿದ್ದಾರೆ. ಈ ವಯಸ್ಸಲ್ಲಿ ಕಾಯೋಕೆ ಆಗದ ಮಕ್ಕಳು ಮುಂದೆ ಹಿಂದೆ ಬೀಳ್ತಾರೆ. ತಾಳಿದವನು ಬಾಳಿಯಾನು." ಕೊನೆಗೆ ಮೂರು ತಿಂಗಳ ಕೋರ್ಸಿನ ಫಾರಂ ಹಂಚಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಮಿಶೆಲ್ ಯಾರು, ನನ್ನ ಮಗನ ಹಣೆಬರಹ ಬರೆಯೋಕೆ? ಅವರು 2014ರಲ್ಲಿ ಬರೆದ ಪುಸ್ತಕ ತರಿಸಿಕೊಂಡೆ, ಸಿಕ್ಕಿದ ಲೇಖನಗಳನ್ನೂ ಓದಿದೆ. ಓದುತ್ತಾ ಸಿಟ್ಟು ಬಂತು. ಆದರೆ ಆ ಸಿಟ್ಟು ಮಿಶೆಲ್ ಮೇಲೆ ಅಲ್ಲ. ಅವರು ಬದುಕಿಡೀ ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಮಾತನ್ನು ಅವರ ಬಾಯಲ್ಲಿ ತುರುಕಿದ್ದಾರೆ.

ಮೊದಲು ಅವರ ಬದುಕು. ಮನಃಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಹುಟ್ಟಿದ್ದು 1930ರಲ್ಲಿ, ಆಸ್ಟ್ರಿಯಾದ ವಿಯೆನ್ನಾದಲ್ಲಿ. ಯಹೂದಿ ಕುಟುಂಬ. ಸಿಗ್ಮಂಡ್ ಫ್ರಾಯ್ಡ್ ಮನೆ ಅವರ ಮನೆಯಿಂದ ನಡೆದು ಹೋಗುವಷ್ಟು ದೂರ. 1938ರ ಮಾರ್ಚಿನಲ್ಲಿ ನಾಜಿಗಳು ವಿಯೆನ್ನಾಕ್ಕೆ ಬಂದಾಗ ಹುಡುಗನಿಗೆ ಎಂಟು ವರ್ಷ. ಮನೆಯ ಹಳೇ ಕಾಗದಪತ್ರಗಳ ನಡುವೆ, ಎಂದೋ ತೀರಿಕೊಂಡಿದ್ದ ತಾಯಿಯ ತಂದೆಯ ಅಮೆರಿಕ ಪೌರತ್ವದ ಪತ್ರ ಸಿಕ್ಕಿತಂತೆ. ಆ ಒಂದು ಹಾಳೆ ಅವರನ್ನು ಉಳಿಸಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನೆಲೆ ನಿಂತು, ಅಪ್ಪ ಅಮ್ಮ ಸಣ್ಣಪುಟ್ಟ ಸಾಮಾನಿನ ಅಂಗಡಿ ಇಟ್ಟುಕೊಂಡರು.

ಇಲ್ಲೊಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ವಿಯೆನ್ನಾದಲ್ಲಿ ಅಪ್ಪನದು ನೆಮ್ಮದಿಯ ವ್ಯಾಪಾರ, ಅಮ್ಮ ಸದಾ ಬಳಲಿದವರ ಹಾಗೆ. ಅಮೆರಿಕಕ್ಕೆ ಬಂದ ಮೇಲೆ ಅಪ್ಪ ಕುಗ್ಗಿಹೋದರು, ಅಮ್ಮ ಗಟ್ಟಿಯಾಗಿ ನಿಂತರು. ಅದೇ ಇಬ್ಬರು ಮನುಷ್ಯರು, ಬೇರೆ ಊರು. "ಹುಟ್ಟುಗುಣ ಸುಟ್ಟರೂ ಹೋಗದು" ಅನ್ನುತ್ತೇವಲ್ಲ, ಆ ಹುಡುಗ ಮನೆಯೊಳಗೇ ಬೇರೆಯದನ್ನು ನೋಡುತ್ತಾ ಬೆಳೆದ. ಮುಂದೆ ಅವರು ಹಿಡಿದ ದಾರಿಗೆ ಇದೇ ಬೀಜ ಅಂತ ನನಗೆ ಅನ್ನಿಸುತ್ತದೆ.

ಮನಃಶಾಸ್ತ್ರ ಓದಿದವರು ಇಲ್ಲಿ ಇದ್ದರೆ ದಯವಿಟ್ಟು ಹೇಳಿ. ನಾನು ತಪ್ಪು ತಿಳಿದಿದ್ದರೆ ತಿದ್ದಿ.

ಬಯಲುಸೀಮೆ ಮೇಷ್ಟ್ರು

ಅಮ್ಮಾ, ನಿಮ್ಮ ಮಗನ ವಿಡಿಯೋ ನೋಡಿ ನಕ್ಕವರ ಬಗ್ಗೆ ಓದಿ ಬೇಜಾರಾಯಿತು. ಇಪ್ಪತ್ತೆರಡು ವರ್ಷದಿಂದ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಆಟದ ಬಯಲಿನಲ್ಲಿ ಯಾರಾದರೂ ತಾಗಿದರೆ ಸಾಕು, ಹೊಡೆದಾಟ. ಅದೇ ಹುಡುಗ ಬಿಸಿಯೂಟದ ಹೊತ್ತಿಗೆ ಚಿಕ್ಕವರನ್ನೆಲ್ಲ ಸಾಲಾಗಿ ಕೂರಿಸಿ, ಅವರ ತಟ್ಟೆಗೆ ಬಡಿಸಿದ ಮೇಲೆ ತಾನು ತಟ್ಟೆ ಹಿಡಿಯುತ್ತಾನೆ. ಇವನನ್ನು ತಾಳ್ಮೆ ಇಲ್ಲದವನು ಅನ್ನಬೇಕೋ, ಇರುವವನು ಅನ್ನಬೇಕೋ? ಮಿಶೆಲ್ ಇದಕ್ಕೆ ಏನಾದರೂ ಹೇಳಿದ್ದಾರಾ?

ಓದುವ ಹುಡುಗಿ

ಸರ್, ನೀವು ಕೇಳಿದ್ದೇ ಅವರ ಇಡೀ ಬದುಕಿನ ಪ್ರಶ್ನೆ. ನಾನು ಮನಃಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದೇನೆ, ನನಗೆ ತಿಳಿದಷ್ಟು ಹೇಳುತ್ತೇನೆ.

ಜನಕ್ಕೆ ಮಿಶೆಲ್ ಅಂದರೆ ಮಾರ್ಷ್‌ಮ್ಯಾಲೋ ಪರೀಕ್ಷೆ. ಮಾರ್ಷ್‌ಮ್ಯಾಲೋ ಅಂದರೆ ಹತ್ತಿಯ ಉಂಡೆ ಹಾಗಿರುವ ಮೆತ್ತನೆಯ ಸಿಹಿ. ತುಂಗಾತೀರ ಅವರ ಅಪಾರ್ಟ್‌ಮೆಂಟಿನಲ್ಲಿ ಚಾಕೊಲೇಟ್ ಇಟ್ಟು ಮಾಡಿದ್ದು ಇದರದ್ದೇ ನಕಲು. ಆದರೆ ನಮ್ಮ ಶಾಸ್ತ್ರದವರಿಗೆ ಅವರು ಮುಖ್ಯವಾಗುವುದು 1968ರಲ್ಲಿ ಬಂದ 'ಪರ್ಸನಾಲಿಟಿ ಅಂಡ್ ಅಸೆಸ್‌ಮೆಂಟ್' ಪುಸ್ತಕದಿಂದ. ಮಿಶೆಲ್ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಕೆಲ್ಲಿ, ಜೂಲಿಯನ್ ರಾಟರ್ ಅನ್ನುವ ಇಬ್ಬರು ದೊಡ್ಡ ಗುರುಗಳ ಕೈಯಲ್ಲಿ ಪಳಗಿದವರು. 1956ರಲ್ಲಿ ಪಿಎಚ್.ಡಿ. ಆಮೇಲೆ ಸ್ವಲ್ಪ ಕಾಲ ಹಾರ್ವರ್ಡ್, 1962ರಿಂದ ಸ್ಟ್ಯಾನ್‌ಫರ್ಡ್, 1983ರಿಂದ ಕೊಲಂಬಿಯಾ.

ಆ ಕಾಲದಲ್ಲಿ ಎಲ್ಲರೂ ನಂಬಿದ್ದು ಹೀಗೆ: ಮನುಷ್ಯನೊಳಗೆ ಗುಣಗಳು ಇರುತ್ತವೆ. ಪ್ರಾಮಾಣಿಕ ಅಂದರೆ ಎಲ್ಲೆಡೆ ಪ್ರಾಮಾಣಿಕ, ಜಗಳಗಂಟ ಅಂದರೆ ಎಲ್ಲೆಡೆ ಜಗಳಗಂಟ. ಪ್ರಶ್ನೆಪತ್ರಿಕೆ ಕೊಟ್ಟು ಆ ಗುಣ ಅಳೆದರೆ ಅವನು ನಾಳೆ ಏನು ಮಾಡುತ್ತಾನೆ ಅಂತ ಹೇಳಬಹುದು. ಮಿಶೆಲ್ ಹಳೇ ಸಂಶೋಧನೆಗಳನ್ನೆಲ್ಲ ರಾಶಿ ಹಾಕಿಕೊಂಡು ನೋಡಿದರು. ಪರೀಕ್ಷೆ ಹೇಳುವ ಗುಣಕ್ಕೂ ಜನ ನಿಜವಾಗಿ ನಡೆದುಕೊಳ್ಳುವ ರೀತಿಗೂ ಇರುವ ನಂಟು 0.30 ದಾಟುವುದೇ ಅಪರೂಪ. ಪೂರ್ತಿ ಹೊಂದಿದರೆ 1, ನಂಟೇ ಇಲ್ಲದಿದ್ದರೆ 0 ಅನ್ನುವ ಅಳತೆ ಇದು. 1920ರ ದಶಕದಲ್ಲಿ ಹಾರ್ಟ್‌ಶಾರ್ನ್ ಮತ್ತು ಮೇ ಅನ್ನುವವರು ಸಾವಿರಾರು ಶಾಲಾ ಮಕ್ಕಳ ಪ್ರಾಮಾಣಿಕತೆ ಪರೀಕ್ಷಿಸಿದ್ದರು. ಪರೀಕ್ಷೆಯಲ್ಲಿ ಕಾಪಿ ಹೊಡೆದ ಮಗು ಆಟದಲ್ಲೂ ಮೋಸ ಮಾಡುತ್ತದೆ ಅಂತ ಹೇಳಲು ಬರುವ ಹಾಗಿರಲಿಲ್ಲ.

ಮಿಶೆಲ್ ಕೈಗೇ ಈ ಬಿಸಿ ತಟ್ಟಿತ್ತು. ಬೇರೆ ದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಪೀಸ್ ಕೋರ್ ನೈಜೀರಿಯಾಕ್ಕೆ ಮೇಷ್ಟ್ರಾಗಿ ಕಳಿಸುತ್ತಿದ್ದ ಯುವಕರಲ್ಲಿ ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ಮೊದಲೇ ಹೇಳಬೇಕಿತ್ತು. ಪರಿಣತರು ಕೂತು ನಡೆಸಿದ ಸಂದರ್ಶನಕ್ಕಿಂತ ಆ ಯುವಕರೇ ತಮ್ಮ ಬಗ್ಗೆ ಸರಳವಾಗಿ ಹೇಳಿಕೊಂಡದ್ದು ಹೆಚ್ಚು ಹತ್ತಿರ ಬಂತು.

ಪುಸ್ತಕ ಬಂದ ಮೇಲೆ ಗಲಾಟೆ. ಹೆಚ್ಚುಕಡಿಮೆ ಇಪ್ಪತ್ತು ವರ್ಷ "ವ್ಯಕ್ತಿಯೋ ಸಂದರ್ಭವೋ" ಅನ್ನುವ ಜಗಳ ನಡೆಯಿತು. ಎದುರು ನಿಂತವರೂ ಸುಮ್ನೆ ಬೈದವರಲ್ಲ. ಒಂದೇ ಸಲದ ನಡವಳಿಕೆ ನೋಡಬೇಡಿ, ಬಹಳ ದಿನದ್ದನ್ನು ಕೂಡಿ ಸರಾಸರಿ ನೋಡಿ, ಆಗ ಗುಣ ಕಾಣುತ್ತದೆ ಅಂತ ಸೀಮೋರ್ ಎಪ್‌ಸ್ಟೀನ್ 1979ರಲ್ಲಿ ತೋರಿಸಿದರು. ಅದೂ ನಿಜವೇ.

ಈಗ ನಿಮ್ಮ ಹುಡುಗನ ವಿಷಯ. ಮಿಶೆಲ್, ಯುಯಿಚಿ ಶೋಡಾ, ಜ್ಯಾಕ್ ರೈಟ್ ಸೇರಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ವೆಡಿಕೊ ಅನ್ನುವ ಬೇಸಿಗೆ ಶಿಬಿರದಲ್ಲಿ ಮಕ್ಕಳನ್ನು ಗಮನಿಸಿದರು. ಸಿಟ್ಟು, ಜಗಳ ಜಾಸ್ತಿ ಅಂತ ಕಳಿಸಿದ ಮಕ್ಕಳು. 84 ಮಕ್ಕಳು, ಆರು ವಾರ, ಒಂದೊಂದು ಮಗುವನ್ನೂ ಸರಾಸರಿ 167 ಗಂಟೆ ನೋಡಿ ಬರೆದುಕೊಂಡರು. ಯಾವಾಗ ಸಿಟ್ಟು ಬಂತು? ಜೊತೆಯವನು ಕೆಣಕಿದಾಗಲೋ, ಸುಮ್ಮನೆ ಮಾತಾಡಿಸಲು ಬಂದಾಗಲೋ, ದೊಡ್ಡವರು ಗದರಿದಾಗಲೋ, ದೊಡ್ಡವರು ಹೊಗಳಿದಾಗಲೋ? ಒಟ್ಟು ಲೆಕ್ಕದಲ್ಲಿ ಇಬ್ಬರು ಮಕ್ಕಳ ಸಿಟ್ಟು ಒಂದೇ ಸಮ. ಆದರೆ ಒಬ್ಬನು ಸಿಡಿಯುವುದು ದೊಡ್ಡವರು ಗದರಿದಾಗ ಮಾತ್ರ, ಇನ್ನೊಬ್ಬನು ಜೊತೆಯವರು ಹತ್ತಿರ ಬಂದಾಗ. ಈ "ಹೀಗಾದರೆ ಹಾಗೆ" ಅನ್ನುವ ವಿನ್ಯಾಸ ಮತ್ತೆ ಮತ್ತೆ ಹಾಗೇ ಕಾಣಿಸಿಕೊಂಡಿತು. ಮಿಶೆಲ್ ಅದನ್ನು ಮನುಷ್ಯನ ಸಹಿ ಅಂದರು. ವ್ಯಕ್ತಿತ್ವ ಅನ್ನುವುದೇ ಇಲ್ಲ ಅಂತ ಅವರು ಹೇಳಲಿಲ್ಲ. ಅದು ಇರುವುದು ಎಲ್ಲಿ ಅಂತ ತೋರಿಸಿದರು.

ನಿಮ್ಮ ಹುಡುಗನಿಗೂ ಒಂದು ಸಹಿ ಇದೆ, ಸರ್. ಮೈಗೆ ತಾಗಿದರೆ ಹೊಡೆತ. ಚಿಕ್ಕವರು ಹಸಿದಿದ್ದರೆ ಕಾಯುವಿಕೆ.

ಬಯಲುಸೀಮೆ ಮೇಷ್ಟ್ರು

ತಂಗಿ, ಈ ಕೊನೆಯ ಎರಡು ಸಾಲು ಬರೆದಿಟ್ಟುಕೊಂಡೆ. ಇಷ್ಟು ವರ್ಷ ಪ್ರಗತಿ ಪತ್ರದಲ್ಲಿ "ಒರಟು ಸ್ವಭಾವ" ಅಂತ ಎಷ್ಟು ಮಕ್ಕಳಿಗೆ ಬರೆದಿದ್ದೇನೋ. ನೆನೆಸಿಕೊಂಡರೆ ಕಷ್ಟವಾಗುತ್ತದೆ.

ಲೆಕ್ಕಪುಸ್ತಕ

ಒಂದು ಮಾತು ಹೇಳಲೇಬೇಕು. ಮಿಶೆಲ್ ತಪ್ಪೇ ಇಲ್ಲ ಅನ್ನುವ ಹಾಗೆ ಮಾತಾಡುವುದು ಸರಿಯಲ್ಲ. "ಕಾಯುವ ಮಗು ಮುಂದೆ ಬರುತ್ತದೆ" ಅನ್ನುವ ಮಾತು ಹೊರಟದ್ದು ಅವರ ಪ್ರಬಂಧಗಳಿಂದಲೇ. 1990ರಲ್ಲಿ ಅವರು, ಶೋಡಾ, ಪೀಕ್ ಸೇರಿ ಪ್ರಕಟಿಸಿದ್ದರಲ್ಲಿ ಇದೆ: ನಾಲ್ಕರ ವಯಸ್ಸಿನಲ್ಲಿ ಜಾಸ್ತಿ ಹೊತ್ತು ಕಾದವರಿಗೆ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯಲ್ಲಿ ಜಾಸ್ತಿ ಅಂಕ. ಭಾಷೆಯ ಭಾಗಕ್ಕೆ ನಂಟು 0.42, ಗಣಿತಕ್ಕೆ 0.57. ದೊಡ್ಡ ಅಂಕಿಗಳೇ.

ಆದರೆ ಆ ಅಂಕಿ ಬಂದದ್ದು ಎಷ್ಟು ಮಕ್ಕಳಿಂದ ಗೊತ್ತಾ? 35. ಮೂಲ ಪ್ರಯೋಗದಲ್ಲಿ ಐನೂರಕ್ಕೂ ಹೆಚ್ಚು ಮಕ್ಕಳು. ಅಂಕಪಟ್ಟಿ ಸಿಕ್ಕಿದ್ದು ನೂರಕ್ಕಿಂತ ಕಡಿಮೆ ಮಂದಿಯದು. ಅದರಲ್ಲಿ ತಿಂಡಿ ಕಣ್ಣೆದುರಿಗೇ ಇಟ್ಟು, ಏನು ಯೋಚಿಸಬೇಕು ಅಂತ ಹೇಳಿಕೊಡದೆ ಬಿಟ್ಟ ಗುಂಪು ಈ 35. ಅದೂ ಸ್ಟ್ಯಾನ್‌ಫರ್ಡಿನ ಆವರಣದ ಬಿಂಗ್ ಶಿಶುವಿಹಾರದ ಮಕ್ಕಳು, ಹೆಚ್ಚಿನವರು ಪ್ರೊಫೆಸರರ ಅಥವಾ ಅಲ್ಲಿ ಓದುತ್ತಿದ್ದವರ ಮಕ್ಕಳು. ಎಣಿಕೆ ಚಿಕ್ಕದು, ಹುಷಾರಾಗಿ ನೋಡಿ ಅಂತ ಪ್ರಬಂಧದಲ್ಲೇ ಎಚ್ಚರಿಕೆ ಇದೆ. ಓದಿದವರು ಯಾರು?

2018ರಲ್ಲಿ ಟೈಲರ್ ವಾಟ್ಸ್ ಮತ್ತು ಜೊತೆಯವರು ಒಂಬೈನೂರಕ್ಕೂ ಹೆಚ್ಚು ಮಕ್ಕಳ ಮಾಹಿತಿ ಹಿಡಿದು ಮತ್ತೆ ನೋಡಿದರು. ಇದರಲ್ಲಿ ತಾಯಿ ಕಾಲೇಜು ಮುಗಿಸದ ಮನೆಗಳ ಮಕ್ಕಳೇ ಅರ್ಧಕ್ಕಿಂತ ಜಾಸ್ತಿ. ನಾಲ್ಕರಲ್ಲಿ ಕಾದದ್ದಕ್ಕೂ ಹದಿನೈದರಲ್ಲಿ ಓದಿಗೂ ನಂಟು ಇತ್ತು, ಆದರೆ ಹಿಂದೆ ಹೇಳಿದ್ದರ ಅರ್ಧದಷ್ಟು. ಮನೆಯ ಸ್ಥಿತಿ, ಆ ವಯಸ್ಸಿನಲ್ಲೇ ಇದ್ದ ಕಲಿಕೆಯ ಮಟ್ಟ ಇವನ್ನು ಲೆಕ್ಕಕ್ಕೆ ತಂದರೆ ಉಳಿದದ್ದರಲ್ಲೂ ಮೂರರಲ್ಲಿ ಎರಡು ಭಾಗ ಕರಗಿತು.

ತುಂಗಾತೀರ ಅವರೇ, ಒಂದು ಚಾಕೊಲೇಟಿನಿಂದ ನಿಮ್ಮ ಮಗನ ಮುಂದಿನ ಹತ್ತು ವರ್ಷ ಹೇಳುತ್ತೇನೆ ಅಂದವರಿಗೆ ಈ ಲೆಕ್ಕ ತೋರಿಸಿ.

ತುಂಗಾತೀರ

ಇದನ್ನು ಹೇಳಿದ್ದಕ್ಕೆ ತುಂಬಾ ಉಪಕಾರ. ನಾನೂ ಆ ಪ್ರಬಂಧಗಳ ಕಡೆ ತಿರುಗಿದಾಗ ಒಂದು ವಿಷಯ ನೋಡಿ ಬೆಚ್ಚಿದೆ. ಮಿಶೆಲ್ ತಂಡದವರು ಮಗುವನ್ನು ಸುಮ್ನೆ ಕೋಣೆಗೆ ತಳ್ಳಿ ಬಾಗಿಲು ಹಾಕುತ್ತಿರಲಿಲ್ಲ. ಮೊದಲು ಮಗುವಿನ ಜೊತೆ ಆಡುತ್ತಿದ್ದರು. ಆಮೇಲೆ ಗಂಟೆಯ ಆಟ. "ನಾನು ಹೊರಗೆ ಹೋಗ್ತೀನಿ, ನೀನು ಗಂಟೆ ಬಾರಿಸು, ಬಂದುಬಿಡ್ತೀನಿ." ಹೋಗುವುದು, ಮಗು ಗಂಟೆ ಬಾರಿಸುವುದು, ಓಡಿ ಬರುವುದು. ಹೀಗೆ ಕೆಲವು ಸಲ ಮಾಡಿ, ಇವರು ಹೇಳಿದ ಮಾತಿಗೆ ತಪ್ಪುವುದಿಲ್ಲ ಅಂತ ಮಗುವಿಗೆ ಗೊತ್ತಾಗಬೇಕು. ಇನ್ನೊಂದು, ಎರಡು ತಿಂಡಿಯಲ್ಲಿ ನಿನಗೆ ಯಾವುದು ಇಷ್ಟ ಅಂತ ಮಗುವನ್ನೇ ಕೇಳುತ್ತಿದ್ದರು. ಕಾದರೆ ಆ ಇಷ್ಟದ ತಿಂಡಿ. ಕಾಯಲು ಆಗದಿದ್ದರೆ ಗಂಟೆ ಬಾರಿಸಿ ಇನ್ನೊಂದನ್ನು ತಿನ್ನಬಹುದು. ಅದು ಸೋಲಲ್ಲ, ಆಟದ ನಿಯಮ.

ನಮ್ಮ ಕಾರ್ಯಕ್ರಮದಲ್ಲಿ ಗಂಟೆಯೂ ಇರಲಿಲ್ಲ, ಆಟವೂ ಇರಲಿಲ್ಲ. ಗುರುತೇ ಇಲ್ಲದ ಒಬ್ಬರು ಬಂದು ಮಾತು ಕೊಟ್ಟು ಹೋದರು.

ಅಡುಗೆಮನೆ ಕಿಟಕಿ

ನಂಬಿಕೆ ವಿಷಯ ಬಂತಲ್ಲ, ಅದರ ಮೇಲೆಯೇ ಒಂದು ಪ್ರಯೋಗ ಇದೆ. ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಜೊತೆಯವರು ಮಾಡಿದ್ದು, 2013ರಲ್ಲಿ ಪ್ರಕಟವಾಯಿತು. 28 ಮಕ್ಕಳು. ಮೊದಲು ಚಿತ್ರ ಬರೆಯಲು ಕೂರಿಸಿ, ಬಳಸಿ ಸವೆದ ಬಣ್ಣದ ಕಡ್ಡಿ ಕೊಟ್ಟು, "ತಡಿ, ಚೆನ್ನಾಗಿರೋದು ತರ್ತೀನಿ" ಅಂದರು. ಅರ್ಧ ಮಕ್ಕಳಿಗೆ ತಂದರು. ಉಳಿದವರಿಗೆ "ಅಯ್ಯೋ, ಇಲ್ಲವಂತೆ" ಅಂದರು. ಆಮೇಲೆ ಮಾರ್ಷ್‌ಮ್ಯಾಲೋ. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ 3 ನಿಮಿಷ.

ಹಡಗಿನ ಹಾದಿ

ಯಾರೂ ಹೇಳದ ಒಂದು ಕಥೆ ಸೇರಿಸುತ್ತೇನೆ, ಯಾಕೆಂದರೆ ಇದರಲ್ಲಿ ನಮ್ಮ ದೇಶದವರ ಮಕ್ಕಳೂ ಇದ್ದಾರೆ.

ಮಾರ್ಷ್‌ಮ್ಯಾಲೋಗೆ ಹತ್ತು ವರ್ಷ ಮುಂಚೆ, 1950ರ ದಶಕದಲ್ಲಿ, ಮಿಶೆಲ್ ಬೇಸಿಗೆಗಳಲ್ಲಿ ಟ್ರಿನಿಡಾಡ್ ದ್ವೀಪದ ಒಂದು ಹಳ್ಳಿಯ ಕಡೆ ಹೋಗುತ್ತಿದ್ದರು. ಅಲ್ಲಿ ಆಫ್ರಿಕಾ ಮೂಲದವರು, ಜೊತೆಗೆ ಬ್ರಿಟಿಷರ ಕಾಲದಲ್ಲಿ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಭಾರತದಿಂದ ಹಡಗಿನಲ್ಲಿ ಹೋದವರ ಮೊಮ್ಮಕ್ಕಳು, ಮರಿಮಕ್ಕಳು. ಎರಡು ಕಡೆಯವರೂ ಒಬ್ಬರ ಮೇಲೊಬ್ಬರು ದೂರುತ್ತಿದ್ದರು. "ಅವರಿಗೆ ಇವತ್ತಿನ ಮೋಜು ಸಾಕು, ನಾಳೆಯ ಚಿಂತೆ ಇಲ್ಲ" ಅಂತ ಭಾರತೀಯರು. "ಅವರು ದುಡ್ಡನ್ನು ಹಾಸಿಗೆ ಕೆಳಗೆ ಬಚ್ಚಿಟ್ಟು ಬದುಕೋದನ್ನೇ ಮರೆತವರು" ಅಂತ ಆಫ್ರಿಕಾ ಮೂಲದವರು.

ಮಿಶೆಲ್ ಶಾಲೆಗೆ ಹೋಗಿ ಮಕ್ಕಳನ್ನು ಕೇಳಿದರು: ಈಗಲೇ ಒಂದು ಸೆಂಟಿನ ಮಿಠಾಯಿ ಬೇಕಾ, ಮುಂದಿನ ವಾರ ಹತ್ತು ಸೆಂಟಿನದು ಬೇಕಾ? ಏಳರಿಂದ ಒಂಬತ್ತು ವರ್ಷದ 53 ಮಕ್ಕಳು. ಭಾರತ ಮೂಲದ ಮಕ್ಕಳಲ್ಲಿ ಮುಂದಿನ ವಾರಕ್ಕೆ ಕಾಯುತ್ತೇನೆ ಅಂದವರು ಜಾಸ್ತಿ. ಇಲ್ಲಿಗೆ ನಿಲ್ಲಿಸಿದ್ದರೆ "ನಮ್ಮ ಜನಾಂಗದ ಗುಣವೇ ಹಾಗೆ" ಅಂತ ನಾವು ಎದೆ ಉಬ್ಬಿಸಬಹುದಿತ್ತು. ಅವರು ನಿಲ್ಲಿಸಲಿಲ್ಲ. ಮನೆಯಲ್ಲಿ ತಂದೆ ಇದ್ದಾನಾ ಇಲ್ಲವಾ ಅಂತ ನೋಡಿದರು. ತಂದೆ ಜೊತೆಗಿಲ್ಲದ ಮನೆಯ ಮಕ್ಕಳೇ ಹೆಚ್ಚಾಗಿ ಈಗಲೇ ಕೊಡಿ ಅಂದಿದ್ದರು. ಕೊಡುತ್ತೇನೆ ಅಂದ ದೊಡ್ಡವರು ಮತ್ತೆ ಬರುತ್ತಾರೆ ಅನ್ನುವ ಅನುಭವ ಇಲ್ಲದ ಮಗು ಯಾಕೆ ಕಾಯಬೇಕು? 1958ರಲ್ಲಿ ಪ್ರಕಟವಾದ ಕೆಲಸ ಇದು. ಜನಾಂಗದ ಹೆಸರಿನಲ್ಲಿ ಅಪ್ಪಿತಪ್ಪಿಯೂ ಹಣೆಪಟ್ಟಿ ಕಟ್ಟಬಾರದು ಅನ್ನುವ ಎಚ್ಚರ, ನಾಜಿಗಳಿಂದ ತಪ್ಪಿಸಿಕೊಂಡು ಬಂದ ಮನುಷ್ಯನಿಗೆ ಸಹಜವಾಗಿಯೇ ಇತ್ತೇನೋ ಅಂತ ನನಗೆ ಅನ್ನಿಸುತ್ತದೆ.

ಮ್ಯೂನಿಕ್ ಕನ್ನಡಿಗ

ನಾನು ಇರುವ ಜರ್ಮನಿಯ ಮಕ್ಕಳನ್ನೂ ಕ್ಯಾಮರೂನ್ ದೇಶದ ಎನ್‌ಸೋ ಸಮುದಾಯದ ರೈತ ಮಕ್ಕಳನ್ನೂ ಹೋಲಿಸಿದ ಕೆಲಸ ಒಂದಿದೆ. ನಾಲ್ಕು ವರ್ಷದ ಮಕ್ಕಳು. ಎನ್‌ಸೋ ಮಕ್ಕಳಲ್ಲಿ ನೂರಕ್ಕೆ 70ರಷ್ಟು ಕಾದರು. ಜರ್ಮನಿಯ ಮಕ್ಕಳಲ್ಲಿ 30 ಕೂಡ ಇಲ್ಲ. ಹಾಗಾದರೆ ಜರ್ಮನಿಯ ಮಕ್ಕಳೆಲ್ಲ ಮುಂದೆ ಹಿಂದೆ ಬೀಳುತ್ತಾರೆ ಅಂತಲಾ?

ಅಜ್ಜಿಮನೆ ಜಗಲಿ

ಎಲ್ಲ ಓದಿದೆ. ಚೆನ್ನಾಗಿ ಬರೆದಿದ್ದೀರಿ. ಆದರೂ ಅರವತ್ತೆಂಟು ವರ್ಷದ ಅಜ್ಜಿಯಾಗಿ ಕೇಳುತ್ತೇನೆ, ಹಾಗಾದರೆ ಮಕ್ಕಳಿಗೆ ತಾಳ್ಮೆ ಕಲಿಸುವುದೇ ಬೇಡವಾ? ನಮ್ಮ ಕಾಲದಲ್ಲಿ ದೇವರ ನೈವೇದ್ಯ ಆಗುವ ತನಕ ಕಡುಬು ಮುಟ್ಟುವ ಹಾಗಿರಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಈಗಿನ ಮಕ್ಕಳಿಗೆ ಕೇಳಿದ್ದು ಕೂತಲ್ಲೇ ಬೇಕು.

ಓದುವ ಹುಡುಗಿ

ಅಜ್ಜಿ, ಖಂಡಿತ ಕಲಿಸಬೇಕು. ಮಿಶೆಲ್ ಕೂಡ ಅದನ್ನೇ ಹೇಳಿದರು, ಕಲಿಸಬಹುದು ಅಂತ. ಆ ಪ್ರಯೋಗಗಳ ಉದ್ದೇಶವೇ ಅದು. ಯಾವ ಮಗು ಗಟ್ಟಿ ಅಂತ ಆರಿಸುವುದಕ್ಕೆ ಅವರು ಹೊರಟಿರಲಿಲ್ಲ. ಕಾಯುವಾಗ ಮಗುವಿನ ತಲೆಯಲ್ಲಿ ಏನು ನಡೆಯುತ್ತದೆ ಅಂತ ತಿಳಿಯಲು ಹೊರಟಿದ್ದರು.

1970ರಲ್ಲಿ ಎಬ್ಬೆ ಎಬ್ಬೆಸೆನ್ ಜೊತೆ ಮಾಡಿದ ಮೊದಲ ಪ್ರಯೋಗದಲ್ಲಿ ಮಾರ್ಷ್‌ಮ್ಯಾಲೋ ಇರಲೇ ಇಲ್ಲ, ಬಿಸ್ಕತ್ತು ಮತ್ತು ಪ್ರೆಟ್ಜೆಲ್ ಅನ್ನುವ ಉಪ್ಪಿನ ಕುರುಕಲು. ತಿಂಡಿ ಕಣ್ಣಿಗೆ ಕಾಣದ ಹಾಗೆ ಇಟ್ಟಾಗ ಮಕ್ಕಳು ಸರಾಸರಿ ಸುಮಾರು 11 ನಿಮಿಷ ಕಾದರು. ಎರಡೂ ಕಣ್ಣೆದುರಿಗೇ ಇದ್ದಾಗ ಒಂದು ನಿಮಿಷದ ಆಸುಪಾಸು. ಅದೇ ಶಾಲೆಯ, ಅದೇ ವಯಸ್ಸಿನ ಮಕ್ಕಳು. ನಡುವೆ ಬದಲಾದದ್ದು ಒಂದು ಮುಚ್ಚಳ, ಅಷ್ಟೇ.

ಆಮೇಲೆ ಮಕ್ಕಳಿಗೆ ಯೋಚಿಸುವ ಬಗೆ ಹೇಳಿಕೊಟ್ಟರು. ಮಾರ್ಷ್‌ಮ್ಯಾಲೋ ಎಷ್ಟು ಮೆತ್ತಗೆ, ಎಷ್ಟು ಸಿಹಿ ಅಂತ ಯೋಚಿಸಿದರೆ ಮಗು ಬೇಗ ಸೋಲುತ್ತದೆ. ಅದು ಬಿಳಿ ಮೋಡ ಅಂದುಕೊಂಡರೆ ಕಾಯುತ್ತದೆ. ಅದರ ಸುತ್ತ ಚೌಕಟ್ಟು ಹಾಕಿ ಫೋಟೋ ಅಂದುಕೋ ಅಂದರೂ ಕಾಯುತ್ತದೆ. ಒಂದು ಮಗು ಕಾರಣ ಕೇಳಿದಾಗ, ಫೋಟೋ ತಿನ್ನೋಕೆ ಆಗಲ್ಲವಲ್ಲ ಅಂದಿತಂತೆ.

ನಿಮ್ಮ ನೈವೇದ್ಯದ ಕಡುಬೂ ಅದೇ ಅಲ್ವಾ ಅಜ್ಜಿ? ಕಡುಬನ್ನು ಮುಚ್ಚಿ ದೇವರ ಮನೆಯಲ್ಲಿ ಇಡುತ್ತಿದ್ದಿರಿ. ಇನ್ನೂ ಅದು ದೇವರದು, ನಮ್ಮದಲ್ಲ ಅಂತ ಮಗು ಯೋಚಿಸುತ್ತಿತ್ತು. ನೈವೇದ್ಯ ಆದ ಮೇಲೆ ಕಡುಬು ಸಿಕ್ಕೇ ಸಿಗುತ್ತಿತ್ತು, ಒಂದು ಸಲವೂ ತಪ್ಪುತ್ತಿರಲಿಲ್ಲ. ಮುಚ್ಚಳ, ಯೋಚಿಸುವ ಬಗೆ, ನಂಬಿಕೆ, ಮೂರೂ ನಿಮ್ಮ ಮನೆಯಲ್ಲೇ ಇತ್ತು.

ಅಜ್ಜಿಮನೆ ಜಗಲಿ

ಮಗಳೇ, ನಾನು ಹೀಗೆ ಯೋಚಿಸಿಯೇ ಇರಲಿಲ್ಲ. ನಮ್ಮತ್ತೆ ಬುಟ್ಟಿ ಮೇಲೆ ಬಾಳೆಲೆ ಮುಚ್ಚಿ ಅದರ ಮೇಲೆ ಒಂದು ಹೂ ಇಡುತ್ತಿದ್ದರು. ಆ ಹೂ ಜರುಗಿದರೆ ಗೊತ್ತಾಗುತ್ತದೆ ಅಂತ ನಾವು ಹತ್ತಿರವೂ ಹೋಗುತ್ತಿರಲಿಲ್ಲ.

ಲೆಕ್ಕಪುಸ್ತಕ

ಮಿಶೆಲ್ ಕೂಡ ತಾಳ್ಮೆಯ ಮೂರ್ತಿ ಆಗಿರಲಿಲ್ಲ. ದಿನಕ್ಕೆ ಮೂರು ಪ್ಯಾಕ್ ಸಿಗರೇಟು, ಮೇಲೆ ಪೈಪು. ಇದನ್ನು ಅವರೇ ಬರೆದುಕೊಂಡಿದ್ದಾರೆ. ಒಂದು ದಿನ ಆಸ್ಪತ್ರೆಯ ಓಣಿಯಲ್ಲಿ ಒಬ್ಬ ರೋಗಿಯನ್ನು ನೋಡಿದರು. ಬೋಳು ತಲೆ, ಬರಿ ಎದೆ. ವಿಕಿರಣ ಎಲ್ಲಿ ಬಿಡಬೇಕು ಅಂತ ಎದೆ ಮೇಲೆ ಹಸಿರು ಗುರುತುಗಳು. ಶ್ವಾಸಕೋಶದ ಕ್ಯಾನ್ಸರ್. ಆಮೇಲೆ ಸಿಗರೇಟಿನ ಆಸೆ ಬಂದಾಗಲೆಲ್ಲ ಆ ಮನುಷ್ಯನನ್ನು ಕಣ್ಮುಂದೆ ತಂದುಕೊಂಡರು. ಹಳೇ ಸಿಗರೇಟಿನ ತುಂಡುಗಳನ್ನು ಡಬ್ಬಿಯಲ್ಲಿ ತುಂಬಿ ಅದರ ನಾತವನ್ನು ಬೇಕೆಂದೇ ಎಳೆದುಕೊಂಡರು. ಬೆರಳು ಚೀಪುತ್ತಿದ್ದ ಮೂರು ವರ್ಷದ ಮಗಳ ಜೊತೆ ಒಪ್ಪಂದ ಮಾಡಿಕೊಂಡರು, ನೀನು ಬೆರಳು ಬಿಡು, ನಾನು ಪೈಪು ಬಿಡುತ್ತೇನೆ ಅಂತ. ಬಿಟ್ಟರು.

ನನಗೆ ಇದು ಅವರ ಎಲ್ಲ ಪ್ರಬಂಧಗಳಿಗಿಂತ ಹೆಚ್ಚು ನಾಟಿತು. ನನ್ನ ತಂದೆ ಬೀಡಿ ಬಿಡಲಾಗದೆ ಹೋದರು. ಅವರಿಗೆ ಮನಸ್ಸು ಗಟ್ಟಿಯಿಲ್ಲ ಅಂತ ಮನೆಯವರೆಲ್ಲ ಬೈದೆವು. ಒಂದು ದಾರಿ ತೋರಿಸಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಅಡುಗೆಮನೆ ಕಿಟಕಿ

ಲೆಕ್ಕಪುಸ್ತಕ ಅವರೇ, ಇದನ್ನು ಇಲ್ಲಿ ಹಂಚಿಕೊಂಡಿದ್ದಕ್ಕೆ ಕೈಮುಗಿಯುತ್ತೇನೆ.

ಆ ಒಪ್ಪಂದದ ಹುಡುಗಿಯೂ ಅವಳ ಅಕ್ಕತಂಗಿಯರೂ ಬಿಂಗ್ ಶಾಲೆಯಲ್ಲೇ ಓದಿದವರು. ಮೂವರು ಹೆಣ್ಣುಮಕ್ಕಳು. ಊಟದ ಹೊತ್ತಿನಲ್ಲಿ ನಿಮ್ಮ ಜೊತೆಯವರು ಹೇಗಿದ್ದಾರೆ ಅಂತ ಅಪ್ಪ ಕೇಳುತ್ತಾ ಕೇಳುತ್ತಾ, ಕಾದ ಮಕ್ಕಳು ಮುಂದೆ ಏನಾದರು ಅಂತ ಹಿಂಬಾಲಿಸುವ ಯೋಚನೆ ಹೊಳೆದದ್ದು. ಜಗತ್ತು ಸುತ್ತಿದ ಆ ಪರೀಕ್ಷೆಯ ಎರಡನೇ ಅಧ್ಯಾಯ ಶುರುವಾದದ್ದು ಊಟದ ಮೇಜಿನಲ್ಲಿ.

ತುಂಗಾತೀರ

ಎಲ್ಲರಿಗೂ ಉತ್ತರ ಬರೆಯಲು ಆಗುತ್ತಿಲ್ಲ, ಕ್ಷಮಿಸಿ. ಒಂದೊಂದನ್ನೂ ಎರಡೆರಡು ಸಲ ಓದಿದ್ದೇನೆ.

ಮಿಶೆಲ್ ತೀರಿಕೊಂಡದ್ದು 2018ರ ಸೆಪ್ಟೆಂಬರ್ 12ರಂದು, ನ್ಯೂಯಾರ್ಕಿನಲ್ಲಿ, 88ರ ವಯಸ್ಸಿನಲ್ಲಿ. ವಾಟ್ಸ್ ಅವರ ಕೆಲಸ ಬಂದು ಕೆಲವೇ ತಿಂಗಳು. ಮಗು ಮಾರ್ಷ್‌ಮ್ಯಾಲೋ ತಿಂದ ಮಾತ್ರಕ್ಕೆ ಅದರ ಮುಂದಿನ ಬದುಕು ತೀರ್ಮಾನ ಆಗುವುದಿಲ್ಲ ಅಂತ ಅವರು ಅದಕ್ಕೂ ಮುಂಚೆಯೇ ಮತ್ತೆ ಮತ್ತೆ ಹೇಳಿದ್ದರು.

ಮೊನ್ನೆ ಮಗನನ್ನು ಸ್ನಾನಕ್ಕೆ ಕೂರಿಸಿದಾಗ ಮೆಲ್ಲಗೆ ಕೇಳಿದೆ, ಅವತ್ತು ಯಾಕೆ ಕಾಯಲಿಲ್ಲ ಪುಟ್ಟಾ ಅಂತ. ಚೊಂಬಿನಲ್ಲಿ ನೀರು ಹೊಯ್ದುಕೊಳ್ಳುತ್ತಲೇ ಹೇಳಿದ: "ನಂಗೆ ಒಂದೇ ಸಾಕಿತ್ತಮ್ಮ. ಎರಡು ಬೇಡ ಅಂತ ಹೇಳೋಕೆ ಆ ಅಂಕಲ್ ಇರ್ಲಿಲ್ಲ."

ಕಾರ್ಯಕ್ರಮ ನಡೆಸಿದವರಿಗೆ ಫೋನ್ ಮಾಡಿ ವಿಡಿಯೋ ತೆಗೆಸಿದ್ದೇನೆ. ವಾಟ್ಸಾಪ್ ಗುಂಪಿನಿಂದಲೂ ಅಳಿಸಿದ್ದಾರೆ. ಲೆಕ್ಕಪುಸ್ತಕ ಅವರು ಬರೆದ ಅಂಕಿಗಳನ್ನು ಅಲ್ಲಿನ ಅಪ್ಪ ಅಮ್ಮಂದಿರಿಗೆಲ್ಲ ಕಳಿಸಿದೆ. ಮೂವರು ಫೋನ್ ಮಾಡಿ ಮಾತಾಡಿದರು, ಅವರಲ್ಲಿ ಇಬ್ಬರು ಫಾರಂ ತುಂಬಿಬಿಟ್ಟಿದ್ದರಂತೆ.

ಮಿಶೆಲ್ ಪುಸ್ತಕ ಓದಿ ಮುಗಿಸಿದ್ದೇನೆ. ಇಂಗ್ಲಿಷ್ ಸರಳವಾಗಿದೆ. ಯಾರಿಗಾದರೂ ಬೇಕಿದ್ದರೆ ಅಂಚೆಯಲ್ಲಿ ಕಳಿಸುತ್ತೇನೆ.

ಬಯಲುಸೀಮೆ ಮೇಷ್ಟ್ರು

ನನಗೆ ಕಳಿಸಿ ಅಮ್ಮಾ. ಜೂನ್‌ನಲ್ಲಿ ಶಾಲೆ ಶುರುವಾಗುವುದರೊಳಗೆ ಓದಿ ಮುಗಿಸಿ, ಮುಂದೆ ಕೇಳಿದವರಿಗೆ ಕಳಿಸುತ್ತೇನೆ. ಆ ಗಂಟೆಯ ಆಟವನ್ನು ಒಂದನೇ ತರಗತಿಯ ಮಕ್ಕಳ ಜೊತೆ ಆಡಬೇಕು ಅಂತ ಇದೆ. ಮಿಠಾಯಿ ಇಲ್ಲದೆ, ಬರೀ ಗಂಟೆ.